ಎತ್ತು ಉಳದ ಮಣ್ಣಿನ ಪಲ್ಯ: ಶಿರೋಳಿ ಸೀಮೆಯ ಭಾದ್ರಪದದ ಫಸಲು

ಕೊಲ್ಲಾಪುರದಿಂದ ಪುಣೆಯ ಕಡೆಗೆ ಹೊರಟ ಹೆದ್ದಾರಿ ಪಂಚಗಂಗಾ ನದಿಯನ್ನು ದಾಟಿದೊಡನೆ ಸಿಗುವ ಊರನ್ನು ಜನ ‘ಪುಲಾಚಿ ಶಿರೋಳಿ’, ಅಂದರೆ ಸೇತುವೆಯ ಶಿರೋಳಿ, ಎಂದು ಕರೆಯುತ್ತಾರೆ. ಇಂದು ಈ ಹೆಸರಿನೊಂದಿಗೆ ನೆನಪಾಗುವುದು ಅಲ್ಲಿನ ಕೈಗಾರಿಕಾ ವಸಾಹತು, ಇಲ್ಲವೆ 2019 ಮತ್ತು 2021ರ ಮಹಾಪೂರಗಳಲ್ಲಿ ನೀರು ಏರಿ ಸಂಚಾರ ನಿಂತುಹೋದ ಹೆದ್ದಾರಿ. ಆದರೆ ಪೂರ ಇಳಿದ ಮೇಲೆ ದಂಡೆಯಲ್ಲಿ ಉಳಿಯುವ ಮೆಕ್ಕಲು ಮಣ್ಣೇ ಈ ಸೀಮೆಯ ಬೇಸಾಯದ ಮೂಲ ಬಂಡವಾಳ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಎಂಬ ನಾಲ್ಕು ಹೊಳೆಗಳ ಜೊತೆ ಜನರ ನಂಬಿಕೆಯ ಗುಪ್ತಗಾಮಿನಿ ಸರಸ್ವತಿಯೂ ಕೂಡಿ ಹುಟ್ಟಿದ ಪಂಚಗಂಗೆ, ಶಿರೋಳಿಯನ್ನು ಹಾದು ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುವವರೆಗೂ ತನ್ನ ಎರಡೂ ದಂಡೆಗಳಿಗೆ ಈ ಮಣ್ಣನ್ನು ಹಂಚುತ್ತಲೇ ಬಂದಿದೆ.

ಕಂದಾಯದ ಭಾಷೆ ಈ ನೆಲವನ್ನು ಎರಡಾಗಿ ಗುರುತಿಸಿತು: ಮಳೆಯನ್ನೇ ನಂಬಿದ ಹೊಲ ‘ಜಿರಾಯತ’, ನೀರುಂಡ ತೋಟ ‘ಬಾಗಾಯತ’. ಬಾವಿಯ ನೀರನ್ನು ಎತ್ತುಗಳಿಂದ ಎಳೆಸಿ ಮೇಲೆತ್ತುವ ಚರ್ಮದ ದೊಡ್ಡ ಚೀಲಕ್ಕೆ ಕನ್ನಡದಲ್ಲಿ ಕಪಿಲೆ ಎಂದೂ ಮರಾಠಿಯಲ್ಲಿ ಮೋಟ ಎಂದೂ ಹೆಸರು. ಪಂಪು ಬರುವ ಮೊದಲು ಬಾವಿಯ ತೋಟಗಳು ಹಸಿರಾಗಿದ್ದದ್ದು ಇದರ ಬಲದಿಂದ. ಆದರೆ ಈ ಎರಡು ವರ್ಗಗಳಾಚೆ ಮೂರನೆಯ ನೆಲವೊಂದಿತ್ತು. ಹಿತ್ತಲು, ಬೇಲಿ, ಬದು, ದನದ ಕೊಟ್ಟಿಗೆಯ ಚಪ್ಪರ ಎಲ್ಲವೂ ಅದರಲ್ಲಿ ಸೇರಿದ್ದವು. ಅಲ್ಲಿ ಏನು ಬೆಳೆಯುತ್ತಿತ್ತು ಎಂಬುದನ್ನು ನಿಷ್ಠೆಯಿಂದ ಕಾಪಾಡಿಕೊಂಡು ಬಂದದ್ದು ಹಬ್ಬದ ಅಡುಗೆ.

ಗಣೇಶ ಚತುರ್ಥಿಯ ಮರುದಿನ, ಭಾದ್ರಪದ ಶುದ್ಧ ಪಂಚಮಿಯಂದು ಬರುವ ಋಷಿಪಂಚಮಿ ಇದಕ್ಕೆ ಉತ್ತಮ ನಿದರ್ಶನ. ಸಪ್ತರ್ಷಿಗಳ ಹೆಸರಿನಲ್ಲಿ ಹೆಣ್ಣುಮಕ್ಕಳು ಹಿಡಿಯುವ ಈ ವ್ರತದಲ್ಲಿ ಎತ್ತಿನ ದುಡಿಮೆಯಿಂದ ಬೆಳೆದದ್ದನ್ನು ಉಣ್ಣಬಾರದೆಂಬ ಕಟ್ಟಳೆ ಇರುವುದರಿಂದ, ಅಂದಿನ ಪಲ್ಯಕ್ಕೆ ಕೈಯಿಂದ ಅಗೆದ ಮಣ್ಣಿನ ಕಾಯಿ, ಸೊಪ್ಪು, ಗೆಡ್ಡೆಗಳಷ್ಟೇ ಸಲ್ಲುತ್ತವೆ. ಕೆಸುವಿನ ಎಲೆಯನ್ನು ಸಣ್ಣಗೆ ಹೆಚ್ಚಿ, ಅದರ ದಂಟಿನ ನಾರು ಸುಲಿದು, ಸುವರ್ಣಗಡ್ಡೆ, ಪಡವಲ, ಹೀರೆ, ಬೆಂಡೆ, ಸಿಹಿಗುಂಬಳ, ರಾಜಗಿರಿ ಸೊಪ್ಪು, ಗೋವಿನಜೋಳದ ತೆನೆಯ ತುಂಡು, ಹಸಿ ಶೇಂಗಾಬೀಜ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಕೆಸುವು ಗಂಟಲು ಕೆರೆಯದಿರಲೆಂದು ಹುಣಸೆಯ ಹುಳಿ ಬೆರೆಸಿ ಬೇಯಿಸುತ್ತಾರೆ. ಮಳೆಗಾಲದ ಕೊನೆಯಲ್ಲಿ ಹಿತ್ತಲು ಏನನ್ನು ಕೊಡಬಲ್ಲದೋ ಅದರ ಪೂರ್ಣ ಪಟ್ಟಿ ಈ ಪಾತ್ರೆಯಲ್ಲಿದೆ. ಗೋವಿನಜೋಳ, ಶೇಂಗಾ, ಸಿಹಿಗುಂಬಳ ಮೂರೂ ಅಮೆರಿಕ ಖಂಡಗಳ ಮೂಲದವು, 16ನೆಯ ಶತಮಾನದಿಂದ ಈಚೆಗಷ್ಟೇ ಇಲ್ಲಿಗೆ ಬಂದವು. ವ್ರತ ಪ್ರಾಚೀನವಾದರೂ ಅದರ ಪಾತ್ರೆ ಹೊಸ ಬೆಳೆಗಳಿಗೆ ಬಾಗಿಲು ಮುಚ್ಚಲಿಲ್ಲ ಎಂಬುದಕ್ಕೆ ಇವೇ ಸಾಕ್ಷಿ.

ಇದೇ ಪಕ್ಷದಲ್ಲಿ ಮನೆಗೆ ಬರುವ ಗೌರಿಗೆ ಸಬ್ಬಸಿಗೆ ಸೊಪ್ಪಿನ ಪಲ್ಯ ಮತ್ತು ರೊಟ್ಟಿಯ ನೈವೇದ್ಯವಾಗುತ್ತದೆ. ನವರಾತ್ರಿಯ ಲಲಿತಾಪಂಚಮಿಯಂದು ಕೊಲ್ಲಾಪುರದ ಅಂಬಾಬಾಯಿಯ ಪಲ್ಲಕ್ಕಿ ತ್ರ್ಯಂಬೋಲಿ ಗುಡ್ಡಕ್ಕೆ ಹೋದಾಗ ಅಸುರವಧೆಯ ನೆನಪಿಗಾಗಿ ಬೂದುಗುಂಬಳವನ್ನು ಒಡೆಯುವ ಆಚರಣೆ ನಡೆಯುತ್ತದೆ. ಶೀಗಿ ಹುಣ್ಣಿಮೆಯಂದು ಕನ್ನಡ ಒಕ್ಕಲು ಮನೆತನಗಳು ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಬೆಳೆಯ ನಡುವೆ ಅನ್ನ ಎರಚುತ್ತವೆ. ‘ಚರಗ ಚೆಲ್ಲುವುದು’ ಎಂದು ಕರೆಯುವ ಈ ಕ್ರಿಯೆ, ಫಸಲಿನ ಮೊದಲ ಪಾಲು ಭೂಮಿಯದು ಎಂಬ ಒಪ್ಪಿಗೆ.

ಭೂಮಿಯ ಪಾಲಿನಂತೆ ಊರಿನ ಪಾಲೂ ಇತ್ತು. ಕನ್ನಡದಲ್ಲಿ ‘ಆಯ’, ಮರಾಠಿಯಲ್ಲಿ ‘ಬಲುತೆ’ ಎಂದು ಹೆಸರಾದ ವ್ಯವಸ್ಥೆಯಲ್ಲಿ ಬಡಿಗ, ಕಮ್ಮಾರ, ಕುಂಬಾರ, ನಾವಿದ, ಅಗಸ ಮೊದಲಾದವರು ವರ್ಷವಿಡೀ ಒಕ್ಕಲಿಗನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಪಡೆಯುತ್ತಿದ್ದರು. ಬೆಳೆ ಚೆನ್ನಾದರೆ ಪಾಲು ದೊಡ್ಡದು, ಬರ ಬಿದ್ದರೆ ಚಿಕ್ಕದು. ಹೀಗೆ ಹೊಲದ ಅಪಾಯವನ್ನು ಇಡೀ ಊರು ಹೊರುತ್ತಿತ್ತು. ಆದರೆ ಈ ಹಂಚಿಕೆ ಸಮಾನರ ನಡುವಿನದಾಗಿರಲಿಲ್ಲ. ಪಾಲು ಜಾತಿಯನ್ನು ಅನುಸರಿಸುತ್ತಿತ್ತು. ಮಹಾರ ಸಮುದಾಯದವರಿಗೆ ವತನದ, ಅಂದರೆ ವಂಶಪಾರಂಪರ್ಯ ಸೇವೆಗೆ ಪ್ರತಿಯಾಗಿ ಬಂದ ತುಂಡುನೆಲವೇ ಬಿಡಿಸಲಾರದ ಬಿಟ್ಟಿ ದುಡಿಮೆಯ ಸಂಕೋಲೆಯಾಗಿತ್ತು. ಶಾಹು ಮಹಾರಾಜರು ತಮ್ಮ ಕೊಲ್ಲಾಪುರ ಸಂಸ್ಥಾನದಲ್ಲಿ 1918ರಲ್ಲಿ ಮಹಾರ ವತನವನ್ನು ರದ್ದುಗೊಳಿಸಿದ್ದು ಈ ಕಾರಣಕ್ಕೇ, ಮತ್ತು ಅದು ಈ ನೆಲದ ಚರಿತ್ರೆಯ ಅತ್ಯಂತ ನ್ಯಾಯವಾದ ನಿರ್ಧಾರಗಳಲ್ಲಿ ಒಂದು.

ಅದೇ ಶಾಹು ಅವರ ಆಳ್ವಿಕೆಯಲ್ಲಿ 1895ರಲ್ಲಿ ಶಾಹುಪುರಿ ಪೇಟೆ ನೆಲೆಗೊಂಡು ಬೆಲ್ಲದ ವ್ಯಾಪಾರ ಬೆಳೆಯಿತು. ಅವರೇ ಆರಂಭಿಸಿದ ರಾಧಾನಗರಿ ಅಣೆಕಟ್ಟು ಭೋಗಾವತಿಯ ನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲೂ ಕೆಳದಂಡೆಗೆ ಒದಗಿಸಿತು. ಸ್ವಾತಂತ್ರ್ಯಾನಂತರ ಸಹಕಾರಿ ಸಕ್ಕರೆ ಕಾರ್ಖಾನೆಗಳು ಎದ್ದಾಗ ಕಬ್ಬು ದಂಡೆಯುದ್ದಕ್ಕೂ ಹಬ್ಬಿತು. ಅದು ರೈತನ ಕೈಗೆ ನಗದು ತಂದಿತು, ಮಕ್ಕಳನ್ನು ಓದಿಸಿತು. ಆದರೆ ಬದುವಿನ ಪಡವಲ, ಬೇಲಿಯ ಹೀರೆ, ಕಪಿಲೆಯ ಕಾಲುವೆಯಂಚಿನ ಕೆಸುವು ಬೆಳೆಯುತ್ತಿದ್ದ ಜಾಗವನ್ನೂ ಸೇರಿಸಿಕೊಂಡೇ ಬೆಳೆಯಿತು.

ಕಬ್ಬು ನುಂಗಿದ ಆ ಹಿತ್ತಲಿನ ಬೆಳೆಗಳಿಗೆ ಮರಳುವ ದಾರಿಯೊಂದನ್ನು ಬೇರೆ ನಾಡುಗಳು ತೋರಿಸಿವೆ. 1970ರ ದಶಕದಲ್ಲಿ ಜಪಾನಿನಲ್ಲಿ ‘ತೇಕೇ’ ಎಂಬ ಹೆಸರಿನಿಂದ ಬೇರೂರಿ, 1986ರಲ್ಲಿ ಅಮೆರಿಕದ ಎರಡು ಸಣ್ಣ ತೋಟಗಳಲ್ಲಿ ಚಿಗುರಿದ ಸಮುದಾಯ ಬೆಂಬಲಿತ ಕೃಷಿಯಲ್ಲಿ, ಊರಿನ ಮನೆಗಳು ರೈತನಿಗೆ ಮೊದಲೇ ಹಣ ಕೊಟ್ಟು, ಋತು ಕೊಟ್ಟದ್ದನ್ನು ವಾರವಾರ ಪಾಲಾಗಿ ಪಡೆಯುತ್ತವೆ. ಹೊಲದ ಲಾಭನಷ್ಟವನ್ನು ಉಣ್ಣುವವರೂ ಹೊರಬೇಕೆಂಬ ಈ ತತ್ವ ಆಯ ಕೊಟ್ಟ ಊರುಗಳಿಗೆ ಹೊಸತಲ್ಲ. ಆದರೆ ಅದನ್ನು ಹುಟ್ಟಿನ ಕಟ್ಟಿನಿಂದ ಬಿಡಿಸಿ, ಇಚ್ಛೆಯ ಒಪ್ಪಂದವಾಗಿಸಿದ್ದು ಹೊಸತು, ಮತ್ತು ಅದು ಆಗಲೇಬೇಕಿದ್ದ ಬದಲಾವಣೆ. ಪಂಚಗಂಗೆಯ ದಂಡೆಯಲ್ಲಿ ಅಂಥ ತೋಟವೊಂದನ್ನು ಕಟ್ಟಹೊರಟವರು ಯಾವ ಬೀಜ ಬಿತ್ತಬೇಕೆಂದು ದೂರ ಹುಡುಕಬೇಕಾಗಿಲ್ಲ. ಋಷಿಪಂಚಮಿಯ ಹಿಂದಿನ ದಿನ ಪೇಟೆಯಲ್ಲಿ ಕೆಸುವಿನ ಎಲೆಯ ಕಟ್ಟಿಗಾಗಿ ಕೈಚಾಚುವ ಅಜ್ಜಿಗೆ ಆ ಪಟ್ಟಿ ಬಾಯಿಪಾಠವಾಗಿದೆ.