ತೆರೆಮರೆಯ ಕಡತಗಳು: ಅಮೆರಿಕದ ಅಪ್ರಸಿದ್ಧ ವರದಿ ಸಂಸ್ಥೆಗಳೂ ಗ್ರಾಹಕನ ಹಕ್ಕೂ

ಅಮೆರಿಕದಲ್ಲಿ ಜನರ ಸಾಲಸೋಲಗಳ ಚರಿತ್ರೆಯನ್ನು ಬರೆದಿಟ್ಟುಕೊಳ್ಳುವವರು ಯಾರೆಂದು ಕೇಳಿದರೆ, ಅಲ್ಲಿಯ ಗೃಹಸ್ಥನೂ, ಅಲ್ಲಿಗೆ ಹೋಗಿ ನೆಲಸಿದ ನಮ್ಮ ಮೈಸೂರು ಹುಬ್ಬಳ್ಳಿಗಳ ಎಂಜಿನಿಯರೂ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಹೆಸರುಗಳನ್ನು ಹೇಳಿ ಸುಮ್ಮನಾಗುತ್ತಾರೆ. ಈ ಮೂರರ ನೆರಳಿನಲ್ಲಿ, ಬ್ಯಾಂಕಿನ ಖಾತೆಯಲ್ಲಾದ ಹಳೆಯ ಎಡವಟ್ಟುಗಳನ್ನು ಒಂದು, ವಿಮೆಯ ಕ್ಲೇಮುಗಳನ್ನು ಇನ್ನೊಂದು, ಬಾಡಿಗೆ ಮನೆಯ ತಗಾದೆಗಳನ್ನು ಮತ್ತೊಂದು, ತಿಂಗಳ ಸಂಬಳವನ್ನು ಮಗುದೊಂದು ಎಂಬಂತೆ ಮನುಷ್ಯನ ಬದುಕನ್ನು ಪಾಲು ಮಾಡಿಕೊಂಡು ದಾಖಲಿಸುವ ಹತ್ತಾರು ಸಂಸ್ಥೆಗಳಿವೆಯೆಂಬುದೂ, ಅವುಗಳ ಕಡತವನ್ನು ತರಿಸಿ ನೋಡುವ ಹಕ್ಕು ಕಾನೂನಿನಿಂದಲೇ ಪ್ರಾಪ್ತವಾಗಿದೆಯೆಂಬುದೂ ಬಹುಮಂದಿಗೆ ತಿಳಿದುಬರುವುದು ಎಲ್ಲಿಯೋ ಒಂದು ಅರ್ಜಿ ತಿರಸ್ಕೃತವಾದ ಮೇಲೆಯೇ. ನೋಡುವ ಹಕ್ಕೂ ತಿದ್ದಿಸುವ ಹಕ್ಕೂ ಮೊದಲು ಬಂದುವು. ಪರರ ಕಣ್ಣಿಗೆ ಬೀಳದಂತೆ ಮುಚ್ಚಿಡುವ ಹಕ್ಕು, ಎಂದರೆ ಇಂದು ಎಲ್ಲರೂ ಫ್ರೀಜ್ ಎಂದು ಕರೆಯುವ ಸ್ತಂಭನ, ಮೂರು ದಶಕಗಳ ತರುವಾಯ ಬಂದಿತು. ಆದರೆ ಯಾರ ಬಳಿ ತನ್ನ ಕಡತವಿದೆಯೆಂದು ಹುಡುಕುವ ಭಾರವನ್ನು ಮಾತ್ರ ಆ ಕಾನೂನು ಅಂದಿನಿಂದ ಇಂದಿನವರೆಗೂ ಗ್ರಾಹಕನ ಹೆಗಲಿನಿಂದ ಇಳಿಸಿಲ್ಲ.

ಈ ಉದ್ಯಮದ ಮೂಲವನ್ನು ಅರಸುತ್ತ ಹೋದರೆ 1841ಕ್ಕೆ ತಲಪುತ್ತೇವೆ. 1837ರ ಆರ್ಥಿಕ ಕ್ಷೋಭೆಯಲ್ಲಿ ಕೈಸುಟ್ಟುಕೊಂಡ ನ್ಯೂಯಾರ್ಕಿನ ರೇಷ್ಮೆ ವರ್ತಕ, ಗುಲಾಮಗಿರಿಯ ನಿರ್ಮೂಲನಕ್ಕಾಗಿ ಹೋರಾಡಿದ ಲೂಯಿಸ್ ಟಪ್ಪನ್, ದೂರದ ಊರುಗಳ ವರ್ತಕರಲ್ಲಿ ಯಾರು ನಂಬಿಗಸ್ತರು, ಯಾರು ಅಲ್ಲವೆಂಬುದನ್ನು ಸ್ಥಳೀಯ ವಕೀಲರೇ ಮೊದಲಾದವರಿಂದ ಬರೆಯಿಸಿ ತರಿಸಿಕೊಳ್ಳುವ ಮರ್ಕೆಂಟೈಲ್ ಏಜೆನ್ಸಿಯನ್ನು ಸ್ಥಾಪಿಸಿದನು. ಆ ದಪ್ಪ ಲೆಡ್ಜರುಗಳಲ್ಲಿದ್ದುದು ವ್ಯಾಪಾರಿಗಳ ಹೆಸರು. ಸಾಮಾನ್ಯ ಸಂಸಾರಿಗನ ಹೆಸರು ಪುಸ್ತಕಕ್ಕೆ ಏರಿದ್ದು 1899ರಲ್ಲಿ ಅಟ್ಲಾಂಟಾದ ವುಲ್‌ಫರ್ಡ್ ಸಹೋದರರು ರಿಟೇಲ್ ಕ್ರೆಡಿಟ್ ಕಂಪನಿಯನ್ನು ತೆರೆದಂತಹ ಕಾಲದಲ್ಲಿ. ಈ ಕಂಪನಿಯೇ 1975ರಲ್ಲಿ ಈಕ್ವಿಫ್ಯಾಕ್ಸ್ ಎಂಬ ಹೊಸ ಹೆಸರನ್ನು ಧರಿಸಿತು. ಆ ಕಂಪನಿ ತೆರೆದ ಮೂರೇ ವರ್ಷಕ್ಕೆ, 1902ರಲ್ಲಿ, ಜೀವವಿಮಾ ಕಂಪನಿಗಳ ವೈದ್ಯಾಧಿಕಾರಿಗಳು ಸೇರಿ ಮೆಡಿಕಲ್ ಇನ್‌ಫರ್ಮೇಷನ್ ಬ್ಯೂರೋ ಎಂಬುದನ್ನು ಕಟ್ಟಿಕೊಂಡರು. ಒಂದು ಕಂಪನಿಯಲ್ಲಿ ತನ್ನ ಹೃದ್ರೋಗವನ್ನು ಹೇಳಿ ನಿರಾಕೃತನಾದವನು ಇನ್ನೊಂದರಲ್ಲಿ ಅದನ್ನು ಮರೆಸಿ ಪಾಲಿಸಿ ಪಡೆಯದಿರಲೆಂದು, ಅವನ ವ್ಯಾಧಿಯನ್ನು ಸಂಕೇತಾಕ್ಷರಗಳಲ್ಲಿ ಬರೆದು ಪರಸ್ಪರ ಹಂಚಿಕೊಳ್ಳುವುದು ಅದರ ಕಾರ್ಯ. ಅಪ್ರಸಿದ್ಧವೆಂದು ನಾವೆನ್ನುವ ಸಂಸ್ಥೆಗಳು ಪ್ರಸಿದ್ಧವಾದುವುಗಳ ಮರಿಗಳಲ್ಲ, ಬಹುಮಟ್ಟಿಗೆ ಸಮವಯಸ್ಕರೇ ಎಂಬುದಕ್ಕೆ ಇದೊಂದು ನಿದರ್ಶನ ಸಾಕು.

1960ರ ದಶಕದಲ್ಲಿ ಈ ಕಾಗದದ ಚೀಟಿಗಳು ಕಂಪ್ಯೂಟರಿನ ಟೇಪುಗಳಾಗತೊಡಗಿದಾಗ ಅದುವರೆಗೆ ಯಾರೂ ಗಮನಿಸದಿದ್ದ ಭಯವೊಂದು ತಲೆದೋರಿತು. ನೆರೆಹೊರೆಯವರನ್ನು ವಿಚಾರಿಸಿ, ಇವನು ಕುಡಿಯುತ್ತಾನೆಯೇ, ಮನೆಯಲ್ಲಿ ಜಗಳವಿದೆಯೇ ಎಂದು ಬರೆದುಕೊಂಡುಹೋಗುತ್ತಿದ್ದ ತನಿಖೆಗಾರರ ಗಾಳಿಮಾತು ಇನ್ನು ಮೇಲೆ ಅಳಿಯದೆ ದೇಶದಾದ್ಯಂತ ಸಂಚರಿಸಬಹುದಾಗಿತ್ತು. 1967ರಲ್ಲಿ ಪ್ರೈವೆಸಿ ಅಂಡ್ ಫ್ರೀಡಂ ಎಂಬ ಗ್ರಂಥವನ್ನು ಪ್ರಕಟಿಸಿದ ಅಲನ್ ವೆಸ್ಟಿನ್ ಎಂಬ ವಿದ್ವಾಂಸರು ಈ ಅಪಾಯವನ್ನು ಶಾಸಕರ ಮುಂದೆ ಹೇಳಿದರು. ವಿಸ್ಕಾನ್ಸಿನ್ನಿನ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಪಟ್ಟುಹಿಡಿದು ಮಸೂದೆಯನ್ನು ಮುಂದಕ್ಕೆ ನೂಕಿದರು. 1970ರ ಅಕ್ಟೋಬರಿನಲ್ಲಿ ಅಧ್ಯಕ್ಷ ನಿಕ್ಸನ್ ಅಂಕಿತ ಹಾಕಿದ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಮರುವರ್ಷದ ಏಪ್ರಿಲಿನಿಂದ ಜಾರಿಗೆ ಬಂದಿತು. ದೊಡ್ಡದು ಚಿಕ್ಕದು ಎಂಬ ಭೇದವೆಣಿಸದೆ ಗ್ರಾಹಕ ವರದಿಯನ್ನು ಮಾರುವ ಸಂಸ್ಥೆಗಳೆಲ್ಲವನ್ನೂ ಒಂದೇ ವ್ಯಾಖ್ಯೆಯೊಳಗೆ ತಂದದ್ದು ಈ ಶಾಸನದ ದೂರದೃಷ್ಟಿ. ಅದರ ದೌರ್ಬಲ್ಯವೂ ಇತ್ತು: ಮೊದಲಲ್ಲಿ ಗ್ರಾಹಕನಿಗೆ ದೊರೆತದ್ದು ಕಡತದ ಸ್ವರೂಪವನ್ನೂ ಸಾರಾಂಶವನ್ನೂ ಅರಿಯುವ ಹಕ್ಕು ಮಾತ್ರ, ಅದೂ ವೈದ್ಯಕೀಯ ವಿಷಯಗಳನ್ನು ಬಿಟ್ಟು. ಕಡತದಲ್ಲಿರುವುದೆಲ್ಲವನ್ನೂ ತೋರಿಸಲೇಬೇಕೆಂಬ ವಿಧಿ 1996ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ತನ್ನನ್ನು ಕುರಿತು ಬರೆದ ಮಾತನ್ನು ಪೂರ್ತಿಯಾಗಿ ಓದುವುದಕ್ಕೆ ಕಾಲು ಶತಮಾನ ಕಾಯಿಸಿದ್ದು ಸಣ್ಣ ಅನ್ಯಾಯವೆಂದು ನನಗನ್ನಿಸುವುದಿಲ್ಲ.

ಈ ನಡುವಣ ಕಾಲದಲ್ಲಿಯೇ ಶಾಖೋಪಶಾಖೆಗಳು ಹಬ್ಬಿದುವು. ಒಂದೊಂದು ವ್ಯವಹಾರಕ್ಕೂ ತನ್ನದೇ ಆದ ಒಬ್ಬ ಮೋಸಗಾರನ ಭಯವಿರುವುದರಿಂದ, ಒಂದೊಂದೂ ತನ್ನದೇ ಆದ ದಫ್ತರವನ್ನು ಕಟ್ಟಿಕೊಂಡಿತು. ಓವರ್‌ಡ್ರಾಫ್ಟ್ ತೀರಿಸದೆ ಖಾತೆಯನ್ನು ಬಿಟ್ಟುಹೋದವರ ಹೆಸರನ್ನು ಚೆಕ್ಸ್‌ಸಿಸ್ಟಮ್ಸ್ ಐದು ವರ್ಷ ಇಟ್ಟುಕೊಳ್ಳುತ್ತದೆ. ಇನ್ನೊಂದು ಬ್ಯಾಂಕಿನ ಕೌಂಟರಿನಲ್ಲಿ ಹೊಸ ಖಾತೆಗೆ ಅರ್ಜಿ ಕೊಟ್ಟವನಿಗೆ ಇಲ್ಲವೆಂಬ ಉತ್ತರ ಬರುವುದು ಅನೇಕ ವೇಳೆ ಅದರ ದೆಸೆಯಿಂದಲೇ. ಲೆಕ್ಸಿಸ್‌ನೆಕ್ಸಿಸ್ ಸಂಸ್ಥೆಯ ಕ್ಲೂ ಎಂಬ ವರದಿಯಲ್ಲಿ ಮನೆಗೂ ಕಾರಿಗೂ ಸಂಬಂಧಿಸಿದ ವಿಮಾ ಕ್ಲೇಮುಗಳು ಏಳು ವರ್ಷಗಳವರೆಗೆ ಇರುತ್ತವೆ: ಯಾವ ದಿನ, ಬೆಂಕಿಯೋ ನೀರೋ ಆಲಿಕಲ್ಲೋ, ಕಂಪನಿ ಎಷ್ಟು ಹಣ ಕೊಟ್ಟಿತು ಎಂಬ ಸಾಲುಸಾಲು. ಮನೆಯ ಮಟ್ಟಿಗೆ ಈ ದಾಖಲೆ ಮನುಷ್ಯನಿಗೆ ಮಾತ್ರವಲ್ಲದೆ ವಿಳಾಸಕ್ಕೂ ಅಂಟಿಕೊಂಡಿರುವುದರಿಂದ, ಹಿಂದಿನ ಒಡೆಯನ ಕಾಲದಲ್ಲಿ ಒಡೆದ ಕೊಳಾಯಿ ಇಂದಿನ ಒಡೆಯನ ವಿಮೆಯ ದರ ಕೇಳುವಾಗ ತಲೆಯೆತ್ತುವುದುಂಟು. ಟೆಲಿಫೋನು, ವಿದ್ಯುತ್ತು, ಕೇಬಲ್ಲುಗಳ ಬಾಕಿಯನ್ನು ಎನ್‌ಸಿಟಿಯುಇ ಎಂಬ ವಿನಿಮಯ ಸಂಘವು ಕೂಡಿಡುತ್ತದೆ. ಸಂಬಳದ ವಿವರಗಳನ್ನು ಮಾಲೀಕರಿಂದಲೇ ನೇರವಾಗಿ ಪಡೆಯುವ ದಿ ವರ್ಕ್ ನಂಬರ್ ಎಂಬುದನ್ನು 2007ರಲ್ಲಿ ಈಕ್ವಿಫ್ಯಾಕ್ಸ್ ಕೊಂಡುಕೊಂಡಿತು. ಕೊಂಡ ಸರಕನ್ನು ಅಂಗಡಿಗೆ ಹಿಂದಿರುಗಿಸುವವರ ಲೆಕ್ಕವಿಡುವ ಸಂಸ್ಥೆಯೂ ಇದೆಯೆಂದರೆ ಓದುಗರು ಪಟ್ಟಿಯ ಉಳಿದ ಭಾಗವನ್ನು ಊಹಿಸಿಕೊಳ್ಳಬಹುದು.

2003ರ ಫ್ಯಾಕ್ಟ್ ಆ್ಯಕ್ಟ್ ಈ ಶಾಖೆಗಳಿಗೆ ಮೊದಲ ಬಾರಿಗೆ ಪ್ರತ್ಯೇಕವಾದ ಹೆಸರು ಕೊಟ್ಟಿತು. ವೈದ್ಯಕೀಯ, ಬಾಡಿಗೆ, ಚೆಕ್ಕು, ಉದ್ಯೋಗ, ವಿಮಾ ಕ್ಲೇಮು ಎಂಬ ಐದು ಕ್ಷೇತ್ರಗಳಲ್ಲಿ ರಾಷ್ಟ್ರವ್ಯಾಪಿಯಾಗಿ ವ್ಯವಹರಿಸುವ ವಿಶೇಷ ಸಂಸ್ಥೆಗಳು ಹನ್ನೆರಡು ತಿಂಗಳಿಗೊಮ್ಮೆ ಕೇಳಿದವರಿಗೆ ಕಡತವನ್ನು ಉಚಿತವಾಗಿ ಕಳುಹಿಸಬೇಕೆಂದು ವಿಧಿಸಿತು. ಆದರೆ ಮೂರು ದೊಡ್ಡ ಸಂಸ್ಥೆಗಳ ವರದಿಯನ್ನು ಒಂದೇ ಕಡೆ ಬೇಡುವ ಏರ್ಪಾಡನ್ನು ಮಾಡಿದ ಅದೇ ಶಾಸನ, ವಿಶೇಷ ಸಂಸ್ಥೆಗಳಿಗೆ ಅಂತಹ ಸಾಮಾನ್ಯ ದ್ವಾರವನ್ನು ಇಡಿಸಲಿಲ್ಲ. ಒಂದೊಂದಕ್ಕೂ ಬೇರೆ ದೂರವಾಣಿ, ಬೇರೆ ನಮೂನೆ, ಗುರುತಿಗೆ ಬೇರೆ ದಾಖಲೆ. 2011ರಲ್ಲಿ ಬಾಗಿಲು ತೆರೆದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ, ಸಿಎಫ್‌ಪಿಬಿ, ಮರುವರ್ಷವೇ ಈ ಸಂಸ್ಥೆಗಳಿಗೆ ಅವುಗಳ ಕರ್ತವ್ಯವನ್ನು ಜ್ಞಾಪಿಸುವ ಸುತ್ತೋಲೆಯನ್ನು ಕಳುಹಿಸಿತು. ಅವುಗಳ ವಿಳಾಸಪಟ್ಟಿಯನ್ನು ಪ್ರಕಟಿಸತೊಡಗಿತು. ಮಹಾಶಾಸನಗಳಿಗಿಂತ ಈ ಬರಿಯ ಪಟ್ಟಿಯೇ ಹೆಚ್ಚು ಮಂದಿಗೆ ಉಪಕಾರ ಮಾಡಿದೆಯೆಂದು ನನ್ನ ಅಭಿಪ್ರಾಯ.

ತರಿಸಿ ನೋಡಿದವರಿಗೆ ಏನು ಕಾಣುತ್ತದೆ? ಸಿಯಾಟಲ್ ಸಮೀಪದ ಒಬ್ಬ ಕಾರು ಚಾಲಕರು, ಅಪಘಾತವೊಂದನ್ನೂ ಮಾಡದ ತಮ್ಮ ವಿಮಾ ಕಂತು 2022ರಲ್ಲಿ ನೂರಕ್ಕೆ 21ರಷ್ಟು ಏರಿದ್ದೇಕೆಂದು ತಿಳಿಯಲು ಲೆಕ್ಸಿಸ್‌ನೆಕ್ಸಿಸ್‌ನಿಂದ ತಮ್ಮ ವರದಿಯನ್ನು ತರಿಸಿದರು. ಬಂದ ಕಡತ 258 ಪುಟ. ಅದರಲ್ಲಿ 130ಕ್ಕೂ ಹೆಚ್ಚು ಪುಟಗಳಲ್ಲಿ, ಹಿಂದಿನ ಆರು ತಿಂಗಳಲ್ಲಿ ಅವರೂ ಅವರ ಪತ್ನಿಯೂ ಆ ಕಾರಿನಲ್ಲಿ ಮಾಡಿದ 640 ಪ್ರಯಾಣಗಳ ಆರಂಭ, ಅಂತ್ಯ, ದೂರ, ಗಕ್ಕನೆ ಬ್ರೇಕು ಹಾಕಿದ್ದು, ವೇಗವಾಗಿ ಮುನ್ನುಗ್ಗಿದ್ದು ಎಲ್ಲವೂ ಸಾಲಾಗಿ ಅಚ್ಚಾಗಿತ್ತು. ಒದಗಿಸಿದವರು ಕಾರಿನ ತಯಾರಕರಾದ ಜನರಲ್ ಮೋಟರ್ಸ್. 2024ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಸಂಗತಿಯನ್ನು ಬಯಲಿಗೆಳೆದ ಮೇಲೆ ಆ ಕಂಪನಿ ಮಾಹಿತಿಯ ಹಂಚಿಕೆಯನ್ನು ನಿಲ್ಲಿಸಿತು. ವರದಿಯಲ್ಲಿ ತಪ್ಪು ಕಂಡರೆ ಆಕ್ಷೇಪಿಸಬಹುದು, ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಸಂಸ್ಥೆ ಅದನ್ನು ವಿಚಾರಿಸಿ ಸರಿಪಡಿಸಬೇಕು ಅಥವಾ ತೆಗೆದುಹಾಕಬೇಕು. ಆದರೆ ಈ 258 ಪುಟಗಳಲ್ಲಿದ್ದ ಬ್ರೇಕಿನ ಲೆಕ್ಕ ತಪ್ಪಾಗಿರದೆ ಸರಿಯಾಗಿಯೇ ಇದ್ದರೆ ಆಕ್ಷೇಪಣೆಯ ಹಕ್ಕಿನಿಂದ ಪ್ರಯೋಜನವೇನು?

ಸ್ತಂಭನದ ಕಥೆ ಹುಟ್ಟುವುದು ಗುರುತಿನ ಕಳವಿನಿಂದ. ಕಳ್ಳನು ಅನ್ಯರ ಹೆಸರಿನಲ್ಲಿ ಸಾಲ ಕೇಳಿದಾಗ ಸಾಲ ಕೊಡುವ ಸಂಸ್ಥೆಗೆ ವರದಿಯೇ ಸಿಗದಿದ್ದರೆ ಸಾಲವೂ ಮಂಜೂರಾಗದೆಂಬ ಸರಳವಾದ ಯುಕ್ತಿಯನ್ನು ಮೊದಲು ಕಾನೂನಾಗಿಸಿದ್ದು ಕ್ಯಾಲಿಫೋರ್ನಿಯ, 2001ರಲ್ಲಿ. ಇತರ ರಾಜ್ಯಗಳು ಅನುಸರಿಸಿದುವು; 2007ರಲ್ಲಿ ಮೂರು ದೊಡ್ಡ ಸಂಸ್ಥೆಗಳು ತಾವಾಗಿಯೇ ದೇಶಕ್ಕೆಲ್ಲ ಈ ಸೌಲಭ್ಯವನ್ನು ವಿಸ್ತರಿಸಿದುವು, ಬಹುತೇಕ ಶುಲ್ಕದೊಡನೆ. 2017ರ ಸೆಪ್ಟೆಂಬರಿನಲ್ಲಿ ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳು ಈಕ್ವಿಫ್ಯಾಕ್ಸ್‌ನಿಂದ ಸೋರಿಹೋದ ವಾರ್ತೆ ಹೊರಬಿದ್ದಾಗ, ತಮ್ಮ ಕಡತವನ್ನು ಕಾಯಲಾರದವರಿಗೇ ಅದನ್ನು ಮುಚ್ಚಿಡಲು ಶುಲ್ಕ ಕೊಡಬೇಕೆಂಬ ಅಸಂಗತಿ ಯಾರಿಗೂ ಸಹ್ಯವಾಗಲಿಲ್ಲ. 2018ರ ಸೆಪ್ಟೆಂಬರ್ 21ರಿಂದ ಫೆಡರಲ್ ಕಾನೂನಿನ ಮೂಲಕವೇ ಸ್ತಂಭನ ಉಚಿತವಾಯಿತು. ಫೋನಿನಲ್ಲೋ ಆನ್‌ಲೈನಿನಲ್ಲೋ ಕೇಳಿದರೆ ಒಂದು ಕೆಲಸದ ದಿನದೊಳಗೆ ಹಾಕಬೇಕು, ಒಂದು ಗಂಟೆಯೊಳಗೆ ತೆಗೆಯಬೇಕು.

ಆದರೆ ಈ ಫೆಡರಲ್ ವಿಧಿಯ ಆಜ್ಞೆ ಅನ್ವಯಿಸುವುದು ರಾಷ್ಟ್ರವ್ಯಾಪಿ ಸಾಲವರದಿ ಸಂಸ್ಥೆಗಳಿಗೆ. ವಿಶೇಷ ಸಂಸ್ಥೆಗಳು ಅದರ ಹೊರಗೆ ಉಳಿದುವು. ಅಲ್ಲದೆ ಉದ್ಯೋಗಕ್ಕೂ ಬಾಡಿಗೆಗೂ ವಿಮೆಗೂ ವರದಿಯನ್ನು ನೋಡುವವರಿಗೆ ಆ ಸ್ತಂಭನ ಅಡ್ಡಬರುವುದಿಲ್ಲ. ಇಂತಹ ಕೊರತೆಯ ಫಲವನ್ನು ಕೆಲವರು ಉಂಡದ್ದೂ ಉಂಟು: ಮೂರೂ ಕಡೆ ಫ್ರೀಜ್ ಮಾಡಿಸಿ ನಿಶ್ಚಿಂತರಾಗಿದ್ದವರ ಹೆಸರಿನಲ್ಲಿ ಕಳ್ಳರು ಮೊಬೈಲ್ ಸಂಪರ್ಕಗಳನ್ನು ಪಡೆದರು, ಏಕೆಂದರೆ ದೂರವಾಣಿ ಕಂಪನಿ ವಿಚಾರಿಸುತ್ತಿದ್ದುದು ಎನ್‌ಸಿಟಿಯುಇಯನ್ನು. ಇಂದು ಎನ್‌ಸಿಟಿಯುಇ, ಚೆಕ್ಸ್‌ಸಿಸ್ಟಮ್ಸ್, ಲೆಕ್ಸಿಸ್‌ನೆಕ್ಸಿಸ್, ನಾಲ್ಕನೆಯ ಬ್ಯೂರೋ ಎಂದು ಕರೆಯಲ್ಪಡುವ ಇನ್ನೋವಿಸ್, ದಿ ವರ್ಕ್ ನಂಬರ್ ಎಲ್ಲವೂ ಕೇಳಿದವರಿಗೆ ಫ್ರೀಜ್ ಮಾಡಿಕೊಡುತ್ತವೆ. ಎಲ್ಲೆಡೆಯೂ ಏಕಕಾಲಕ್ಕೆ ಮಾಡಿಸುವುದು ವಿವೇಕವೆಂದು ಮಾತ್ರ ನಾನು ಹೇಳಲಾರೆ. ಚೆಕ್ಸ್‌ಸಿಸ್ಟಮ್ಸ್ ಮತ್ತು ಎನ್‌ಸಿಟಿಯುಇಗಳನ್ನು ಮುಚ್ಚಿಟ್ಟವನಿಗೆ ದೈನಂದಿನ ತೊಂದರೆ ಅತ್ಯಲ್ಪ, ಹೊಸ ಖಾತೆಯನ್ನೋ ಸಿಮ್ಮನ್ನೋ ಯಾರೂ ವಾರಕ್ಕೊಮ್ಮೆ ತೆಗೆಯುವುದಿಲ್ಲ. ಸಂಬಳದ ಕಡತವನ್ನು ಮುಚ್ಚಿ ಮರೆತವನಿಗಾದರೋ, ಮನೆಸಾಲ ಕೊಡುವ ಬ್ಯಾಂಕು ಆದಾಯವನ್ನು ಪರಿಶೀಲಿಸುವ ಹೊತ್ತಿನಲ್ಲಿ ಕಡತ ತೆರೆಯದೆ ಕೆಲಸ ಕೆಡುವ ಸಂಭವವಿದೆ. ಅರ್ಜಿ ಕೊಡುವ ಮುನ್ನವೇ ತಾತ್ಕಾಲಿಕವಾಗಿ ತೆಗೆಸಿಕೊಳ್ಳುವುದೂ, ಆಗ ಬೇಕಾಗುವ ಪಿನ್ ಸಂಖ್ಯೆಯನ್ನು ಜೋಪಾನವಾಗಿಡುವುದೂ ಅನಿವಾರ್ಯ.

ನಮ್ಮ ದೇಶದ ಚಿತ್ರ ಇದಕ್ಕಿಂತ ಸಂಕುಚಿತ. 2005ರ ಸಾಲಮಾಹಿತಿ ಕಂಪನಿಗಳ ಅಧಿನಿಯಮದಡಿ ಸಿಬಿಲ್ಲಿನೊಡನೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿದ್ದರೂ ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ. ವರ್ಷಕ್ಕೊಂದು ಪೂರ್ಣ ವರದಿಯನ್ನು ನಾಲ್ಕೂ ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2017ರಿಂದ ಇದೆ. ದೂರು ಮೂವತ್ತು ದಿನಗಳಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು 2023ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆ, ಅಮೆರಿಕದವರು ನೋಡಿ ಅಸೂಯೆಪಡಬಹುದಾದ ಅಂಶ.

ಅಮೆರಿಕದಲ್ಲಿ ಇತ್ತೀಚಿನ ವರ್ಷಗಳ ನಡೆ ಒಂದು ಹೆಜ್ಜೆ ಮುಂದೆ, ಒಂದು ಹಿಂದೆ. 2024ರ ಡಿಸೆಂಬರಿನಲ್ಲಿ ಸಿಎಫ್‌ಪಿಬಿ, ದತ್ತಾಂಶದ ದಲ್ಲಾಳಿಗಳನ್ನೂ 1970ರ ಶಾಸನದ ಕಟ್ಟಿಗೆ ತರುವ ಕರಡು ನಿಯಮವನ್ನು ಪ್ರಕಟಿಸಿ, 2025ರ ಮೇ ತಿಂಗಳಲ್ಲಿ ಅದನ್ನು ಹಿಂದೆಗೆದುಕೊಂಡಿತು. ಅದೇ 2025ರ ಜನವರಿಯಲ್ಲಿ ಫೆಡರಲ್ ಟ್ರೇಡ್ ಕಮಿಷನ್, ಜನರಲ್ ಮೋಟರ್ಸ್ ಐದು ವರ್ಷ ಕಾಲ ಚಾಲಕರ ವರ್ತನೆಯ ಮಾಹಿತಿಯನ್ನು ಗ್ರಾಹಕ ವರದಿ ಸಂಸ್ಥೆಗಳಿಗೆ ಕೊಡಕೂಡದೆಂಬ ಆಜ್ಞೆಯ ಕರಡನ್ನು ಮುಂದಿಟ್ಟಿತು. ಕ್ಯಾಲಿಫೋರ್ನಿಯವು 2023ರಲ್ಲಿ ಅಂಗೀಕರಿಸಿದ ಡಿಲೀಟ್ ಆ್ಯಕ್ಟ್, ಒಂದೇ ಅರ್ಜಿಯಿಂದ ನೋಂದಾಯಿತ ದಲ್ಲಾಳಿಗಳೆಲ್ಲರ ಬಳಿಯೂ ತನ್ನ ವಿವರವನ್ನು ಅಳಿಸಿಹಾಕಿಸುವ ವ್ಯವಸ್ಥೆಯನ್ನು ಆ ರಾಜ್ಯದವರಿಗೆ ಕಲ್ಪಿಸಿದೆ. ಆದರೆ 1970ರ ಶಾಸನಕ್ಕೆ ಒಳಪಟ್ಟ ಕಡತಗಳ ಮಟ್ಟಿಗೆ ಅದರಲ್ಲಿ ವಿನಾಯಿತಿಯಿರುವುದರಿಂದ, ಚೆಕ್ಸ್‌ಸಿಸ್ಟಮ್ಸ್‌ನ ಐದು ವರ್ಷವೂ ಕ್ಲೂ ವರದಿಯ ಏಳು ವರ್ಷವೂ ಹಿಂದಿನಂತೆಯೇ ಸಾಗುತ್ತಿವೆ, ಅವನ್ನು ನೋಡಬೇಕಾದವರು ಈಗಲೂ ಒಂದೊಂದಕ್ಕೂ ಬೇರೆ ಬೇರೆ ನಮೂನೆಯನ್ನು ತುಂಬಬೇಕಾಗಿದೆ.