ಗಂಗಾಧರ್, ಬಿ. ಎನ್.

ಮನೋವೈದ್ಯ, ಸಂಶೋಧಕ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿ, ಮುಂದೆ ಅದರ ನಿರ್ದೇಶಕರಾಗಿ ದುಡಿದವರು. ಖಿನ್ನತೆಯ ಜೈವಿಕ ಚಿಕಿತ್ಸೆ ಇವರ ಮುಖ್ಯ ಕ್ಷೇತ್ರಗಳಲ್ಲೊಂದು. ಆರ್. ಎಲ್. ಕಪೂರ್, ಎಸ್. ಕಲ್ಯಾಣಸುಂದರಂ ಅವರೊಂದಿಗೆ 1982ರಲ್ಲಿ ಪ್ರಕಟಿಸಿದ ಅಧ್ಯಯನ ವಿದ್ಯುತ್ ಕಂಪನ ಚಿಕಿತ್ಸೆಯನ್ನು, ಅಂದರೆ ಇಸಿಟಿಯನ್ನು, ಇಮಿಪ್ರಮಿನ್ ಎಂಬ ಖಿನ್ನತೆ ನಿವಾರಕ ಮಾತ್ರೆಯೊಂದಿಗೆ ಹೋಲಿಸಿತು. ಒಂದು ಗುಂಪಿಗೆ ನಿಜವಾದ ಇಸಿಟಿ, ಜೊತೆಗೆ ಔಷಧವಿಲ್ಲದ ಮಾತ್ರೆ. ಇನ್ನೊಂದಕ್ಕೆ ನಿಜವಾದ ಮಾತ್ರೆ, ಜೊತೆಗೆ ವಿದ್ಯುತ್ ಹಾಯಿಸದ ತೋರಿಕೆಯ ಇಸಿಟಿ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಗುಣ ಅಳೆಯುವ ವೈದ್ಯರಿಗೂ ಗೊತ್ತಿಲ್ಲ. ಸಿನಿಮಾಗಳು ಶಿಕ್ಷೆಯಂತೆ ತೋರಿಸುತ್ತ ಬಂದ ಚಿಕಿತ್ಸೆಯನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಗೆ ಒಡ್ಡಿದ್ದು ದೊಡ್ಡ ಕೆಲಸವೇ ಸರಿ.

2000ದಲ್ಲಿ ಎನ್. ಜಾನಕಿರಾಮಯ್ಯ ಮತ್ತಿತರರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ 45 ಖಿನ್ನತೆಯ ರೋಗಿಗಳನ್ನು ಮೂರು ಗುಂಪು ಮಾಡಿ ಇಸಿಟಿ, ಇಮಿಪ್ರಮಿನ್ ಮತ್ತು ಸುದರ್ಶನ ಕ್ರಿಯೆ ಎಂಬ ಉಸಿರಾಟದ ಯೋಗಾಭ್ಯಾಸವನ್ನು ಹೋಲಿಸಿದರು. 4 ವಾರಗಳ ಕೊನೆಗೆ ಕ್ರಮವಾಗಿ ಶೇ. 93, 73 ಮತ್ತು 67ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಉಸಿರಾಟದ ಅಭ್ಯಾಸ ಇಸಿಟಿಗೆ ಸಾಟಿಯಾಗಲಿಲ್ಲ, ಮಾತ್ರೆಯ ಹತ್ತಿರಕ್ಕೆ ಬಂತು. ಗುಂಪಿಗೆ 15 ಜನರಷ್ಟೇ ಇದ್ದುದರಿಂದ ಅಂಕಿಗಳನ್ನು ಎಚ್ಚರದಿಂದಲೇ ಓದಬೇಕು. ಆಮೇಲೆ ಗಂಗಾಧರ್ ಅವರ ತಂಡ ಯೋಗ ಮಾಡುವ ಖಿನ್ನತೆಯ ರೋಗಿಗಳ ರಕ್ತದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನೂ ನರಕೋಶಗಳ ಬೆಳವಣಿಗೆಗೆ ನೆರವಾಗುವ ಬಿಡಿಎನ್‌ಎಫ್ ಪ್ರೋಟೀನನ್ನೂ ಅಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.