ರಂಪಣಿಯಿಂದ ಶಾಸನದವರೆಗೆ: ಕರ್ನಾಟಕ ಕರಾವಳಿಯ ಮೀನುಗಾರಿಕೆಯ ಒಂದು ಅಧ್ಯಯನ

ರೋಣ, ನರಗುಂದ, ಗಜೇಂದ್ರಗಡಗಳ ಎರೆನಾಡಿನಲ್ಲಿ ಕುಳಿತು ಕಡಲಿನ ಮೀನನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಊರಿಗೆಲ್ಲ ಸೇರಿದ ಕೆರೆಯ ನೀರನ್ನು ಯಾರು, ಯಾವಾಗ, ಎಷ್ಟು ಬಳಸಬೇಕೆಂಬ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಎಲ್ಲರ ಸಂಪತ್ತಿಗೆ ಮಿತಿಯನ್ನು ವಿಧಿಸುವವರು ಯಾರೆಂಬ ಅದೇ ಪ್ರಶ್ನೆಯನ್ನು ಕರಾವಳಿಯ ಇತಿಹಾಸದಲ್ಲಿ ಪರಿಶೀಲಿಸುವುದೇ ನಮ್ಮ ಉದ್ದೇಶ.

1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. 1956ರವರೆಗೆ ಒಂದೇ ಕರಾವಳಿಗೆ ಎರಡು ಆಡಳಿತಗಳಿದ್ದವು. ಬೂತಾಯಿ, ಬಂಗುಡೆಗಳ ಹಿಂಡುಗಳಿಗೆ ಮಾತ್ರ ಈ ಗಡಿ ಇರಲಿಲ್ಲ. 1940ರ ದಶಕದಲ್ಲಿ ಬೂತಾಯಿಯ ಇಳುವರಿ ತೀರ ಕುಗ್ಗಿತು. ಮದರಾಸು ಸರ್ಕಾರವು 1943ರಲ್ಲಿ ಅದನ್ನು ಹಿಡಿಯುವುದರ ಮೇಲೆ ನಿರ್ಬಂಧಗಳನ್ನು ವಿಧಿಸಿತಾದರೂ ಕೆಲವೇ ವರ್ಷಗಳಲ್ಲಿ ಅವನ್ನು ಹಿಂತೆಗೆದುಕೊಂಡಿತು.

ಆ ಕಾಲದಲ್ಲಿ ನಮ್ಮ ಕರಾವಳಿಯ ಮುಖ್ಯ ಸಾಧನ ರಂಪಣಿ ಬಲೆ. ದೋಣಿಯಿಂದ ಬಲೆಯನ್ನು ಅರ್ಧವರ್ತುಲಾಕಾರವಾಗಿ ಬಿಟ್ಟು, ಅದರ ಎರಡೂ ತುದಿಗಳನ್ನು ದಂಡೆಯ ಮೇಲಿನಿಂದ ಹತ್ತಾರು ಜನರು ಎಳೆಯುತ್ತಿದ್ದರು; ಸಿಕ್ಕಿದುದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಮೀನು ದಂಡೆಯ ಸಮೀಪಕ್ಕೆ ಬಂದರೆ ಮಾತ್ರ ಈ ಬಲೆಗೆ ಕೆಲಸ. ಅಂದರೆ ಮಿತಿಯು ಯಾರ ಆಜ್ಞೆಯೂ ಇಲ್ಲದೆ ಸಾಧನದಲ್ಲಿಯೇ ಅಡಗಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಬಂದ ಯಂತ್ರಚಾಲಿತ ಪರ್ಸೀನ್ ದೋಣಿಗಳು ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿದು, ಬಲೆಯ ಅಡಿಯನ್ನು ಹಗ್ಗದಿಂದ ಬಿಗಿದು ಹಿಡಿಯತೊಡಗಿದವು. ರಂಪಣಿಯು ಬೇಗನೆ ಕ್ಷೀಣಿಸಿತು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮವು ಬಂದುದು 1986ರಲ್ಲಿ, ಅಂದರೆ ಸುಮಾರು ಒಂದು ದಶಕದ ತರುವಾಯ.

ಹಾಗೆಂದು ಎಲ್ಲ ಹೊಣೆಯನ್ನೂ ಯಂತ್ರದ ಮೇಲೆ ಹೊರಿಸುವುದು ಯುಕ್ತವಲ್ಲ. 1940ರ ದಶಕದ ಕುಸಿತವು ಯಂತ್ರಗಳಿಗಿಂತ ಮುಂಚಿನದು. ಬೂತಾಯಿಯು ಅಲ್ಪಾಯುಷಿ, ಸುಮಾರು ಒಂದು ವರ್ಷಕ್ಕೆ ಬಲಿತು, ಮುಖ್ಯವಾಗಿ ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಕಡಲಿನ ಸ್ಥಿತಿ ಪ್ರತಿಕೂಲವಾದ ವರ್ಷ ಅದರ ಸಂತತಿಯೇ ಕುಗ್ಗುತ್ತದೆ. ಹಿಡಿಯುವ ಶ್ರಮ ಹೆಚ್ಚಿದಂತೆ ಇಳುವರಿಯು ಒಂದು ಮಟ್ಟದವರೆಗೆ ಏರಿ ಬಳಿಕ ಇಳಿಯುವುದೆಂದು ಶೇಫರ್ ಎಂಬ ವಿಜ್ಞಾನಿ 1954ರಲ್ಲಿ ಗಣಿತದಿಂದ ತೋರಿಸಿದನು. ಆದರೆ ಇಂಥ ಚಂಚಲವಾದ ಮೀನಿನ ವಿಷಯದಲ್ಲಿ ಆ ಮಟ್ಟವನ್ನು ಸ್ಥಿರವೆಂದು ಎಣಿಸಲಾಗದು. ಪ್ರಕೃತಿಯೇ ಕೈಬಿಟ್ಟ ವರ್ಷ ಮನುಷ್ಯನ ಸಂಯಮವು ಇನ್ನಷ್ಟು ಅವಶ್ಯಕ.

ಈಗ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಹಿಂದೆ ಬಲೆಯ ಅಶಕ್ತತೆಯು ಮಾಡುತ್ತಿದ್ದ ಕೆಲಸವನ್ನು ಇಂದು ಶಾಸನವು ಮಾಡಬೇಕಾಗಿದೆ. ಹೊಸ ಸಾಧನವನ್ನು ಸ್ವಾಗತಿಸುವ ಸಮಾಜವು, ಹಳೆಯ ಸಾಧನದೊಡನೆ ಯಾವ ಮಿತಿಯು ಅಳಿಯುತ್ತದೆಂಬುದನ್ನು ಮೊದಲೇ ವಿಚಾರಿಸಬೇಕೆಂಬುದು ಈ ಇತಿಹಾಸದಿಂದ ನಮಗೆ ತಿಳಿದುಬರುವ ಪಾಠ. ಅದು ಕಡಲಿಗೆ ಸಲ್ಲುವಂತೆ ಕೆರೆಗೂ ಸಲ್ಲುತ್ತದೆ.